ಕೂರಿಸಿದ ದನಿ

ಬಸ್ಸು ಕೂರ್ಮನ್ನಪಾಲೆಂ ತಿರುವು ದಾಟಿ ದುವ್ವಾಡದ ಕಡೆ ಹೊರಳಿದಾಗ ರಮಾಕಾಂತನಿಗೆ ತನ್ನ ಗಂಟಲು ತನ್ನದಲ್ಲ ಅನ್ನಿಸಿತು. ಯಾರದೋ ಸಾಮಾನನ್ನು ಕೇಳದೆ ತಂದು, ಬಳಸಿ, ಹಿಂದಿರುಗಿಸುವುದನ್ನು ಮರೆತು, ಈಗ ಅದರ ಯಜಮಾನ ಊರಿನಿಂದ ಬರುತ್ತಿದ್ದಾನೆಂದು ತಿಳಿದವನ ಹಾಗೆ ಎರಡು ಸಲ ಮೆಲ್ಲಗೆ ಕೆಮ್ಮಿ ನೋಡಿದ. ಕೆಮ್ಮು ತನ್ನದೇ ಇತ್ತು. ಯಜಮಾನರು ಅಂದರೆ ರಾಮಮೋಹನ್ ಗಾರು, ಕಾರ್ಖಾನೆಯ ಮುಖ್ಯಸ್ಥರು. ವಿಜಯವಾಡದ ಮೀಟಿಂಗ್ ಮುಗಿಸಿಕೊಂಡು ಬೆಳಗಿನ ರೈಲಿಗೆ ಬಂದು, ದುವ್ವಾಡದಲ್ಲೇ ಇಳಿದು, ಮನೆಗೂ ಹೋಗದೆ ನೇರವಾಗಿ ಕಾರ್ಖಾನೆಗೆ ಬರುತ್ತಾರೆಂದು ಡ್ರೈವರ್ ಆಗಲೇ ಸುದ್ದಿ ಹಂಚಿದ್ದ. ನಿನ್ನೆ, ಮಂಗಳವಾರ, ಬೆಳಿಗ್ಗೆ ಹತ್ತು ನಲವತ್ತಕ್ಕೆ, ಅವರು ಮುನ್ನೂರೈವತ್ತು ಕಿಲೋಮೀಟರು ದೂರದಲ್ಲಿ ಕೂತಿದ್ದಾಗ, ರಮಾಕಾಂತ ಅವರ ಮೈಕಿನಲ್ಲಿ ಅವರದೇ ದನಿಯಿಂದ ಇನ್ನೂರ ಹದಿನಾಲ್ಕು ಜನ ಹೆಂಗಸರನ್ನು ಐದು ನಿಮಿಷ ಕೂರಿಸಿಬಿಟ್ಟಿದ್ದ. ಮೈಕಿನ ಗುಂಡಿ ಒತ್ತುವಾಗ ಮೈಮೇಲೆ ಪ್ರಜ್ಞೆ ಇತ್ತೇ ಎಂದು ಯಾರಾದರೂ ಕೇಳಿದರೆ, ಇತ್ತು, ಆದರೆ ಅದು ಯಾರ ಮೈ ಎಂಬುದು ಮಾತ್ರ ಸ್ಪಷ್ಟವಿರಲಿಲ್ಲ ಎಂದು ಹೇಳಬೇಕಾದೀತು. ನಲವತ್ನಾಲ್ಕು ವಯಸ್ಸಿನವನು ಹೇಳುವ ಉತ್ತರವೇ ಇದು?

ಅವನ ಹುದ್ದೆಯ ಹೆಸರು ಕ್ಷೇಮಾಧಿಕಾರಿ. ಅವನು ಅದನ್ನು ಒಳಗೊಳಗೇ ಕ್ಷಮಾಧಿಕಾರಿ ಅನ್ನುತ್ತಿದ್ದ, ಯಾಕೆಂದರೆ ದಿನಕ್ಕೆ ಹತ್ತು ಸಲ ಯಾರಲ್ಲಾದರೂ ಕ್ಷಮೆ ಕೇಳುವುದೇ ಅದರ ಮುಖ್ಯ ಕೆಲಸ. ಕಾರ್ಖಾನೆ ಆಸ್ಪತ್ರೆಯ ಕೈಗವಸು ಮಾಡುತ್ತಿತ್ತು. ಉದ್ದನೆಯ ಹಾಲಿನಲ್ಲಿ ಸಾಲು ಮೇಜುಗಳು, ಮೇಜಿಗೆ ಗಾಳಿಯ ಕೊಳವೆ, ಕೊಳವೆಯ ಬಾಯಿಗೆ ಗವಸು ಸಿಕ್ಕಿಸಿದರೆ ಐದು ಬೆರಳೂ ಉಬ್ಬಿ ಎದ್ದು ನಿಲ್ಲುತ್ತವೆ; ದೀಪಕ್ಕೆ ಹಿಡಿದು, ತಿರುಗಿಸಿ, ಸೂಜಿಮೊನೆಯಷ್ಟು ತೂತೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕಳಿಸಬೇಕು. ತೂತಿರುವ ಗವಸು ಯಾವ ದೇಶದಲ್ಲೋ ಯಾವ ಡಾಕ್ಟರಿಗೋ ಕೈಕೊಡುತ್ತದೆ. ಇದನ್ನು ಎಂಟು ಗಂಟೆ ನಿಂತೇ ಮಾಡಬೇಕು ಎಂಬುದು ರಾಮಮೋಹನ್ ಗಾರು ಅವರ ನಿಲುವು, ಅಥವಾ ಹೆಂಗಸರ ನಿಲುವು, ನೋಡುವವರ ಮೇಲೆ ಹೋಗುತ್ತದೆ. ಕೂತರೆ ಕಣ್ಣೂ ಕೂತುಬಿಡುತ್ತದೆ ಅಂತ ಅವರು ಹೇಳುತ್ತಿದ್ದರು. ರಮಾಕಾಂತ ಸ್ಟೂಲು ಕೇಳಿ ಮೂರು ಸಲ ಫೈಲು ಮೇಲೆ ಕಳಿಸಿದ್ದ. ಮೂರು ಸಲವೂ ಅದು 'ಡಿಸ್ಕಸ್' ಎಂಬ ಒಂದೇ ಪದ ಹೊತ್ತುಕೊಂಡು ಇಳಿದುಬಂದಿತ್ತು. ಚರ್ಚಿಸಲು ಹೋದರೆ ರಾಮಮೋಹನ್ ಗಾರು ಕತ್ತೆತ್ತಿ ನೋಡುವರು, ರಮಾಕಾಂತ ಕನ್ನಡಕ ಮೇಲಕ್ಕೆ ತಳ್ಳಿಕೊಳ್ಳುವನು, ಅವನ ದನಿ ಹಸಿ ಹಪ್ಪಳದ ಹಾಗೆ ಮೆತ್ತಗಾಗುವುದು, ಅವನು ಕ್ಷಮೆ ಕೇಳಿ ಹೊರಗೆ ಬರುವನು. ಅಷ್ಟರಲ್ಲಿ ಗವಸು ಕೊಳ್ಳುವ ಪರದೇಶದ ಕಂಪನಿ, ನಿಮ್ಮಲ್ಲಿ ವೆಲ್‌ನೆಸ್ ಕಾರ್ಯಕ್ರಮ ಇಲ್ಲದಿದ್ದರೆ ನಮ್ಮಲ್ಲಿ ಆರ್ಡರೂ ಇಲ್ಲ ಅಂದಿತು. ಹಾಗಾಗಿ ಒಂದು ಧ್ಯಾನದ ಕೋಣೆ ಬಂತು. ಅದರ ಬೀಗದ ಕೈ ರಾಮಮೋಹನ್ ಗಾರು ಅವರ ಡ್ರಾಯರಿಗೆ ಹೋಯಿತು. ಆಮೇಲೆ 'ಹಿತ' ಎಂಬ ಆ್ಯಪ್ ಬಂತು. ಪ್ರತಿಯೊಬ್ಬ ಕೆಲಸಗಾರ್ತಿಯೂ ದಿನಕ್ಕೊಮ್ಮೆ ಐದು ಗುಂಡು ಮುಖಗಳಲ್ಲಿ ತನ್ನ ಮನಸ್ಸಿನ ಮುಖವನ್ನು ಒತ್ತಬೇಕು. ಅವರೆಲ್ಲ ಫೋನುಗಳನ್ನು ಗೇಟಿನಲ್ಲೇ ಒಪ್ಪಿಸಿ ಒಳಗೆ ಬರಬೇಕೆಂಬ ನಿಯಮ ಇದೆಯಲ್ಲ ಎಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆದ ಮೇಲೆ ಎಲ್ಲರೂ ರಮಾಕಾಂತನ ಕಡೆ ನೋಡಿದರು.

ಹಾಗೆ ಏಳು ತಿಂಗಳಿಂದ ಇನ್ನೂರ ಹದಿನಾಲ್ಕು ಜನರ ಮನಸ್ಸನ್ನು ಅವನೊಬ್ಬನೇ ತುಂಬುತ್ತಿದ್ದ. ಮೊದಮೊದಲು ಎಲ್ಲರಿಗೂ ನಗುಮುಖ ಒತ್ತಿದ. ಇಷ್ಟು ಸುಖ ಅನುಮಾನಕ್ಕೆ ಎಡೆಮಾಡೀತು ಅನ್ನಿಸಿ ಸೋಮವಾರಕ್ಕೆ ಮೂರು ಸಪ್ಪೆ, ಹಬ್ಬದ ಮಾರನೆಯ ದಿನಕ್ಕೆ ಐದು, ಶನಿವಾರ ಒಂದು ಎಂದು ನಿಯಮ ಮಾಡಿಕೊಂಡ. ದುಃಖ ಯಾರೊಬ್ಬರ ಮೇಲೂ ಪದೇಪದೇ ಬೀಳಬಾರದೆಂದು ಸರದಿ ಹಾಕಿದ. ದೇವರು ಮಾಡದ ನ್ಯಾಯವನ್ನು ತಾನು ಮಾಡುತ್ತಿದ್ದೇನೆಂಬ ಒಂದು ಕಳ್ಳ ಹೆಮ್ಮೆಯೂ ಇತ್ತು. ಕಳೆದ ಶುಕ್ರವಾರ ಮಧ್ಯಾಹ್ನದ ರೈಲು ಹಿಡಿಯಬೇಕಾಗಿತ್ತು. ಹೆಂಡತಿ ಚೈತನ್ಯಾ ಬ್ಯಾಂಕಿನ ವರ್ಗಾವಣೆಯಲ್ಲಿ ವಿಜಯವಾಡದಲ್ಲಿದ್ದಳು, ಎರಡು ವಾರಕ್ಕೊಮ್ಮೆ ಇವನು ಭವಾನಿಪುರಂನ ಆ ಬಾಡಿಗೆ ಮನೆಗೆ ಹೋಗುತ್ತಿದ್ದ. ಆದ್ದರಿಂದ ಬೆಳಿಗ್ಗೆ ಹತ್ತಕ್ಕೇ ಕೂತು ಎಲ್ಲರ ಮನಸ್ಸನ್ನೂ ಮುಗಿಸಿದ. ಹನ್ನೊಂದೂವರೆಗೆ ಹನ್ನೊಂದನೇ ಮೇಜಿನ ಲಕ್ಷ್ಮೀಪ್ರಸನ್ನ ಬಿದ್ದಳು. ಗವಸೊಂದು ಅವಳ ಕೊಳವೆಯಲ್ಲೇ ಉಬ್ಬುತ್ತ ಉಬ್ಬುತ್ತ ಹೋಗಿ ಪಟ್ಟೆಂದು ಒಡೆದದ್ದರಿಂದಲೇ ಪಕ್ಕದವರಿಗೆ ಗೊತ್ತಾದದ್ದು. ನೀರು ಚಿಮುಕಿಸಿ, ಕಾಲಿನ ಮೀನಖಂಡ ತಿಕ್ಕಿ, ಫಸ್ಟ್ ಏಡ್ ಕೋಣೆಯಲ್ಲಿ ಮಲಗಿಸಿ, ವರದಿ ಬರೆಯಲೆಂದು ಅವನು ಫೋನು ತೆಗೆದರೆ ಪರದೆಯ ಮೇಲೆ ಅವಳ ಹೆಸರಿನ ಮುಂದೆ ಅತಿ ದೊಡ್ಡ ನಗುಮುಖ, ಮೂವತ್ತೆರಡೂ ಹಲ್ಲು ಕಾಣುವಂಥದ್ದು, ಅದನ್ನು ತಿದ್ದಲು ಆ್ಯಪಿನಲ್ಲಿ ದಾರಿಯೇ ಇರಲಿಲ್ಲ. ರೈಲಿನಲ್ಲಿ ಕಿಟಕಿ ಪಕ್ಕ ಆರು ಗಂಟೆ ಕೂತಿದ್ದ. ಕೂತಿದ್ದೇನೆ, ಕೂತಿದ್ದೇನೆ ಅಂತ ಹಳಿಯ ಸದ್ದು ಹೇಳುತ್ತಲೇ ಇತ್ತು.

ಈಗ ಬಸ್ಸಿನಲ್ಲಿ ಅವನ ಫೋನು ನಡುಗಿತು. ಚೈತನ್ಯಾ. ಬ್ಯಾಂಕಿಗೆ ಹೊರಡುವ ಹೊತ್ತು, ಹಿಂದುಗಡೆ ಆಟೋದ ಗಲಾಟೆ.

"ಏನ್ರೀ, ಇನ್ನೂ ಕೆಲಸದಲ್ಲಿದೀರೋ, ತೆಗೆದುಹಾಕಿದ್ರೋ?"

"ಇನ್ನೂ ಬಸ್ಸಲ್ಲಿದೀನಿ."

"ಇಳಿಸಿಲ್ಲ ತಾನೇ, ಸರಿ. ನಿನ್ನೆಯೇ ಹೇಳಿದ್ರೆ ನಿಮ್ಮ ಸಾಹೇಬರನ್ನ ಇಲ್ಲೇ ಹಿಡೀತಿದ್ದೆ. ಗವರ್ನರ್‌ಪೇಟೆ ಬ್ರಾಂಚಿಗೆ ಕರ್ಕೊಂಡ್ ಬಂದು ನಮ್ಮ ನಗೆಕೂಟದಲ್ಲಿ ನಿಲ್ಲಿಸಿದ್ರೆ ಸಿಟ್ಟು ಇಳಿಯೋದು."

"ಅದಿನ್ನೂ ನಡೀತಿದೆಯಾ?"

"ಹೆಡ್ ಆಫೀಸ್ ಸರ್ಕ್ಯುಲರ್ ಅಲ್ವಾ. ಒಂಬತ್ತು ಮುಕ್ಕಾಲಿಗೆ ಅರ್ಧ ಷಟರ್ ಎಳೆದು ಎಲ್ಲರೂ ಹಹ್ಹಹ್ಹ ಅನ್ನಬೇಕು. ಮೊನ್ನೆ ಹೊರಗೆ ಕ್ಯೂನಲ್ಲಿದ್ದ ಒಬ್ಬರು ಒಳಗೆ ಬಂದು, ನಮ್ಮನ್ನ ನೋಡಿ ಯಾತಕ್ಕಂಡಿ ನಗ್ತೀರಿ, ನಾನೇನು ಪಂಚೆ ತಿರುಗುಮುರುಗಾ ಉಟ್ಟಿದೀನಾ ಅಂತ ಮ್ಯಾನೇಜರಿಗೆ ಕಂಪ್ಲೇಂಟ್ ಕೊಟ್ಟರು. ಆಗ ನೋಡಿ, ಮೊದಲನೇ ಸಲ ನಿಜವಾಗಿ ನಕ್ಕಿದ್ದು." ಆಮೇಲೆ ದನಿ ತಗ್ಗಿಸಿ, "ರೀ, ಒಪ್ಕೊಂಡ್ಬಿಡಿ. ಸುತ್ತಿ ಬಳಸಿ ಹೇಳ್ಬೇಡಿ. ನಿಮ್ಮ ಕೆಲಸ ಹೋದ್ರೆ ಹೋಗ್ಲಿ, ಇಲ್ಲಿಗೆ ಬನ್ನಿ, ಭವಾನಿಪುರಂನಲ್ಲಿ ಅಡುಗೆ ಮಾಡ್ಕೊಂಡಿರಿ. ನಂಗಂತೂ ಲಾಭವೇ. ಆದ್ರೆ ಆ ಹೆಂಗಸರ ಐದು ನಿಮಿಷ ಹೋಗಬಾರ್ದು, ಅಷ್ಟು ನೋಡ್ಕೊಳ್ಳಿ" ಅಂದಳು.

ಅದೇ ಕಷ್ಟ. ಕೆಲಸ ಹೋಗುವುದಕ್ಕಿಂತ ಅದೇ ದೊಡ್ಡ ಕಷ್ಟ. ಸುಮ್ಮನಿದ್ದರೆ ರಾಮಮೋಹನ್ ಗಾರು ಮೈಕಿನಲ್ಲಿ, ನಿನ್ನೆಯದು ನನ್ನ ಮಾತಲ್ಲ ಎಂದು ಸಾರುತ್ತಾರೆ, ಅಲ್ಲಿಗೆ ಮುಗಿಯಿತು. ಒಪ್ಪಿಕೊಂಡರೆ, ಅಣಕದ ಮೇಲೆ ನಿಂತ ಆಜ್ಞೆ ಅಣಕದ ಜೊತೆಗೇ ಹೋಗುತ್ತದೆ. ಅವನು ಓದಿದ ತಿಪಟೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರೊಬ್ಬರಿದ್ದರು, ಅವರ ದನಿ ಪ್ರತಿ ವಾಕ್ಯದ ತುದಿಯಲ್ಲಿ ಸೀಟಿಯ ಹಾಗೆ ಮೇಲಕ್ಕೆ ಹಾರುತ್ತಿತ್ತು. ಇವನು ಮೇಜು ಹತ್ತಿ ಅವರಾಗಿ ಹಾಜರಿ ಕೂಗುತ್ತಿದ್ದಾಗ, ಹುಡುಗರು ಬೆಂಚು ಗುದ್ದಿ ನಗುತ್ತಿದ್ದಾಗ, ಒಂದು ಹೊತ್ತಿನಲ್ಲಿ ನಗು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ದೀಪ ಆರಿಸುತ್ತ ಹೋದ ಹಾಗೆ ನಿಂತಿತು. ಮೇಷ್ಟ್ರು ಬಾಗಿಲಲ್ಲಿದ್ದರು. ಬೈಯಲಿಲ್ಲ. ಬಂದು, ಅದೇ ಹಾಜರಿ ಪುಸ್ತಕ ತೆಗೆದುಕೊಂಡು, ಮಟ್ಟಸವಾದ, ಏರಿಳಿತವೇ ಇಲ್ಲದ ಒಂದು ದನಿಯಲ್ಲಿ ಹೆಸರು ಓದಿದರು. ವರ್ಷವೆಲ್ಲ ಹಾಗೇ ಓದಿದರು. ಒಬ್ಬ ಮನುಷ್ಯನ ಸೀಟಿಯನ್ನು ಕಿತ್ತುಕೊಂಡಿದ್ದೇನೆ ಎಂದು ಗೊತ್ತಾಗಲು ಇವನಿಗೆ ಹತ್ತು ವರ್ಷ ಬೇಕಾಯಿತು. ಆಮೇಲೆ ಯಾರನ್ನೂ ಅವರ ಊರಿನಲ್ಲಿ, ಅವರು ಇರುವಲ್ಲಿ ಅಣಕ ಮಾಡಬಾರದೆಂದು ಹಟ ಹಿಡಿದಿದ್ದ. ನಿನ್ನೆಯೂ ಹಟ ಮುರಿಯಲೆಂದು ಅವನು ಮೈಕಿರುವ ಮೇಲಿನ ಗಾಜಿನ ಕೋಣೆಗೆ ಹೋಗಿರಲಿಲ್ಲ. 'ಸರಿಯಾದ ಭಂಗಿಯಲ್ಲಿ ನಿಲ್ಲುವುದು ಹೇಗೆ' ಎಂಬ ಪೋಸ್ಟರ್ ಅಂಟಿಸಲು ಹೋಗಿದ್ದ. ಗೋಂದಿನ ಕೈಯಲ್ಲಿ ಕೆಳಗೆ ನೋಡಿದರೆ ಹನ್ನೊಂದನೇ ಮೇಜಿನಲ್ಲಿ ಲಕ್ಷ್ಮೀಪ್ರಸನ್ನ, ಕೊಕ್ಕರೆಯ ಹಾಗೆ ಒಂದು ಕಾಲು ಎತ್ತಿ ಇಳಿಸಿ, ಇನ್ನೊಂದು ಎತ್ತಿ ಇಳಿಸಿ, ಕೈಯಲ್ಲಿ ಉಬ್ಬಿದ ಗವಸನ್ನು ದೀಪಕ್ಕೆ ಹಿಡಿದಿದ್ದಳು. ಗವಸಿನ ಐದು ಬೆರಳೂ ಇವನಿಗೇ ಟಾಟಾ ಮಾಡಿದ ಹಾಗಿತ್ತು, ಅಥವಾ ಐದು ಎಂದು ಎಣಿಸಿ ತೋರಿಸಿದ ಹಾಗೆ. ಮೈಕು ಪಕ್ಕದಲ್ಲೇ ಇತ್ತು. ಮೊದಲು ಮೂಗು ಎಳೆದದ್ದು, ರಾಮಮೋಹನ್ ಗಾರು ಪ್ರತಿ ಮಾತಿಗೆ ಮುಂಚೆ ಆ ಮಾತು ಹಳಸಿಲ್ಲವಷ್ಟೆ ಎಂದು ಪರೀಕ್ಷಿಸುವ ಹಾಗೆ ಮೂಗು ಎಳೆಯುತ್ತಾರಲ್ಲ, ಅದು. ಆಮೇಲೆ ಹಾಲಿನ ಎಂಟು ಸ್ಪೀಕರುಗಳಿಂದ ದನಿ ಬಂತು: "ಆಪರೇಟರ್ಸ್... ಐದು ನಿಮಿಷಾಲು... ಎಕ್ಕಡವಾಳ್ಳು ಅಕ್ಕಡೇ... ದಯಚೇಸಿ ಕೂರ್ಚೋಂಡಿ." ಐದು ನಿಮಿಷ, ಎಲ್ಲಿದ್ದವರು ಅಲ್ಲೇ, ದಯವಿಟ್ಟು ಕೂತುಕೊಳ್ಳಿ ಎಂದು.

ಎಲ್ಲರಿಗಿಂತ ಮೊದಲು ಲಕ್ಷ್ಮೀಪ್ರಸನ್ನ ಗಾಳಿ ನಿಲ್ಲಿಸಿ, ಖಾಲಿ ಕ್ರೇಟನ್ನು ಬೋರಲು ಹಾಕಿ ಕೂತಳು. ಅವಳ ಪಕ್ಕದವಳು ನೆಲದ ಮೇಲೆ. ಇನ್ನೂರ ಹದಿನಾಲ್ಕು ಜನ ಸಾಲುಸಾಲಾಗಿ ಇಳಿದದ್ದನ್ನು ಗಾಜಿನ ಹಿಂದೆ ಅವಿತು ನೋಡುತ್ತಿದ್ದವನಿಗೆ ಹಾಲಿನ ಎತ್ತರವೇ ಹೆಚ್ಚಾದಂತೆ ಕಂಡಿತು. ಸೂಪರ್‌ವೈಸರ್ ಫಣೀಂದ್ರ ಇದು ಮೇಲಿನ ಆಜ್ಞೆಯೆಂದು ನಂಬಿ ಒಂದು ಫೋಟೋ ತೆಗೆದು, 'ಪ್ಲಾಂಟ್ ಹೆಡ್ ಸರ್ ಅವರ ವೆಲ್‌ನೆಸ್ ಬ್ರೇಕ್' ಎಂದು ಬರೆದು ಕಂಪನಿಯ ವಾಟ್ಸಾಪ್ ಗುಂಪಿಗೆ ಹಾಕಿದ. ಪರದೇಶದ ಕಂಪನಿಯವರು ಹೆಬ್ಬೆರಳು ಎತ್ತಿದರು. ಎಂ.ಡಿ.ಯವರು 'ಎಕ್ಸಲೆಂಟ್ ರಾಮಮೋಹನ್' ಅಂದರು. ಸಂಜೆಯವರೆಗೆ ಹೊಗಳಿಕೆ ಸುರಿಯಿತು. ರಾಮಮೋಹನ್ ಗಾರು ಹಾಕಿದ್ದು ಒಂದೇ ಚಿತ್ರ, ಮುಗಿದ ಕೈ. ಅದು ಧನ್ಯವಾದವೋ, ಬಂದು ನೋಡಿಕೊಳ್ಳುತ್ತೇನೆಂಬ ನಮಸ್ಕಾರವೋ ಎಂದು ರಮಾಕಾಂತ ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದ.

ಹತ್ತೂಕಾಲಿಗೆ ಕರೆ ಬಂತು. ಕೋಣೆಯಲ್ಲಿ ರಾಮಮೋಹನ್ ಗಾರು ರೈಲಿನ ಸುಕ್ಕು ಹೊತ್ತ ಅಂಗಿಯಲ್ಲಿ ನಿಂತಿದ್ದರು. ಮಾತೆಲ್ಲ ತೆಲುಗಿನಲ್ಲೇ.

"ಬಾಗಿಲು ಹಾಕಿ. ನಿನ್ನೆ ನಾನು ಏನು ಹೇಳಿದೆ?"

"ಸಾರ್?"

"ಹತ್ತು ನಲವತ್ತಕ್ಕೆ ಮೈಕಿನಲ್ಲಿ ನಾನು ಏನು ಹೇಳಿದೆ ಅಂತ ಕೇಳ್ತಿದೀನಿ. ಊಟದ ಹೊತ್ತಲ್ಲಿ ಎಂ.ಡಿ. ಗಾರು ಬಂದು ಭುಜ ತಟ್ಟಿದರು. ನನ್ನ ಎಲೆಗೆ ಹುರುಳಿಯ ಉಲವಚಾರು ಎರಡು ಸಲ ಹಾಕಿಸಿದರು. ಯಾತಕ್ಕೆ ಅಂತ ನನಗೇ ಗೊತ್ತಿಲ್ಲ. ಫಣೀಂದ್ರನಿಗೆ ಫೋನ್ ಮಾಡಿದರೆ, ಮೀ ಗೊಂತೇ ಸಾರ್, ನಿಮ್ಮದೇ ದನಿ ಅಂತಾನೆ. ಗೇಟಿನವನೂ ಅದನ್ನೇ ಅಂದ. ನನ್ನ ಫ್ಯಾಕ್ಟರಿಯಲ್ಲಿ ನನ್ನ ಗಂಟಲು ನಾನಿಲ್ಲದೆ ಓಡಾಡ್ತಿದೆ."

"ನಾನೇ ಸಾರ್. ತಪ್ಪಾಯ್ತು."

"ಗೊತ್ತು. ವಾರ್ಷಿಕೋತ್ಸವದಲ್ಲಿ ನೀವು ಕಸ್ಟಮ್ಸ್ ಆಫೀಸರನ್ನ ಮಾಡಿದ್ದಿರಿ. ಅವತ್ತು ಎಲ್ಲರಿಗಿಂತ ಜಾಸ್ತಿ ನಕ್ಕವನು ನಾನು." ಅವರು ಬಂದು ಎದುರಿಗೇ ನಿಂತರು. "ಮಾಡಿ."

"ಏನು ಸಾರ್?"

"ನನ್ನನ್ನ."

ತಿಪಟೂರಿನ ಬಾಗಿಲು ಇಪ್ಪತ್ತೈದು ವರ್ಷ ದಾಟಿ ಬಂದು ಇಲ್ಲಿ ತೆರೆದುಕೊಂಡಿತು. ಮಾಡಬಾರದು, ಈ ಮನುಷ್ಯ ನಾಳೆಯಿಂದ ಮೂಗು ಎಳೆಯದೆ, ಮಟ್ಟಸವಾಗಿ, ಸತ್ತ ದನಿಯಲ್ಲಿ ಮಾತಾಡುತ್ತಾನೆ, ಅದೂ ನನ್ನ ಲೆಕ್ಕಕ್ಕೇ ಬರುತ್ತದೆ ಎಂದು ಅನ್ನಿಸುತ್ತಿರುವಾಗಲೇ ಮೂಗು ತಾನಾಗಿ ಎಳೆಯಿತು. ಗಂಟಲು ಅಗಲವಾಯಿತು. ಭುಜ ಅವರ ಹಾಗೆ ಒಂದಿಷ್ಟು ಎಡಕ್ಕೆ ಇಳಿಯಿತು. ಆಪರೇಟರ್ಸ್, ಎಂದ. ಕೊನೆಯ ಅಕ್ಷರವನ್ನು ರಬ್ಬರಿನ ಹಾಗೆ ಎಳೆದು ಬಿಟ್ಟ. ಐದು ನಿಮಿಷದ ಆಜ್ಞೆ ಮುಗಿಯಿತು, ಆದರೆ ದನಿ ಮುಗಿಯಲಿಲ್ಲ. ಎದುರಿಗಿದ್ದ ದನಿಯ ಮುಂದೆ ತನ್ನ ದನಿ ಯಾವಾಗಲೂ ಮೆತ್ತಗಾಗುತ್ತಿತ್ತು. ಈಗ ಅವನ ಬಳಿ ಇದ್ದದ್ದು ಮೆತ್ತಗಾಗುವ ದನಿಯೇ ಅಲ್ಲ. ಮೂರು ಫೈಲುಗಳಲ್ಲಿ ಬರೆದದ್ದೆಲ್ಲ ಅದರಲ್ಲಿ ಹೊರಗೆ ಬಂತು, ಪ್ರತಿ ವಾಕ್ಯಕ್ಕೂ ಮೂಗಿನ ಪರೀಕ್ಷೆ ಪಾಸಾಗಿ. "ಶುಕ್ರವಾರ ಹನ್ನೊಂದನೇ ಮೇಜಿನವಳು ಬಿದ್ದಳು. ನಿಂತೂ ನಿಂತೂ ಬಿದ್ದಳು. ಸೋಮವಾರ ಬಂದು ಮತ್ತೆ ಅಲ್ಲೇ ನಿಂತಳು. ಕೂತರೆ ಕಣ್ಣು ಕೂರೋದಿಲ್ಲ, ನಿಂತರೇ ಕಣ್ಣು ಕಾಲಿಗೆ ಇಳಿಯುತ್ತೆ. ನಿನ್ನೆ ಕೂತೆದ್ದ ಮೇಲೆ ಮಧ್ಯಾಹ್ನದವರೆಗೆ ಅವಳ ಮೇಜಿನಿಂದ ಒಂದು ತೂತೂ ತಪ್ಪಿಸಿಕೊಂಡು ಹೋಗಿಲ್ಲ. ಇದರಲ್ಲಿ ಡಿಸ್ಕಸ್ ಮಾಡೋದೇನಿದೆ. ಕೂರಿಸಿ."

ತನ್ನದೇ ಬಾಯಿಂದ ತನಗೇ ಆಜ್ಞೆ ಸಿಕ್ಕವರ ಹಾಗೆ ರಾಮಮೋಹನ್ ಗಾರು ನೆಟ್ಟಗೆ ನಿಂತರು. ಒಂದು ಕ್ಷಣ ಅವರು ಯಸ್ ಸಾರ್ ಅಂದಾರು ಎಂದು ಕೂಡ ಅನ್ನಿಸಿತು.

"ಮೂಗು" ಅಂದರು ಕೊನೆಗೆ. "ಅಷ್ಟು ಎಳೀತೀನಾ?"

"ವಾಕ್ಯಕ್ಕೊಂದು ಸಲ ಸಾರ್." ಇದು ತನ್ನ ದನಿ, ಮರಳಿ ಬಂದಿತ್ತು.

"ಇಪ್ಪತ್ತೆರಡು ವರ್ಷದಿಂದ ನಮ್ಮ ಮನೆಯವರು ಹೇಳ್ತಿದಾರೆ. ನಾನು ಸುಳ್ಳು ಅಂತಿದ್ದೆ." ಅವರು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು, ಅದರೊಳಗೇ ಏನೋ ಒಂದು ಸದ್ದು ಮಾಡಿದರು, ಭುಜ ಅಲುಗಿತು. ರಮಾಕಾಂತನಿಗೆ ಅದು ನಗು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು, ಯಾಕೆಂದರೆ ಈ ನಗು ಅವನ ಸಂಗ್ರಹದಲ್ಲಿರಲಿಲ್ಲ. "ನನ್ನ ದನಿ ಚೆನ್ನಾಗೇ ಇದೆಯಲ್ಲಂಡಿ. ಗಟ್ಟಿ ಇದೆ. ಇನ್ನು ಮೇಲೆ ನಾನು ಇರುವಾಗ ನಾನೇ ಉಪಯೋಗಿಸ್ತೀನಿ. ನೀವು ಹೋಗಿ ಕೆಳಗೆ ನಿಂತ್ಕೊಳ್ಳಿ, ಕೇಳಿಸುತ್ತಾ ನೋಡಿ."

ಮೆಟ್ಟಿಲು ಇಳಿಯುವಾಗ ಅವನಿಗೆ ಇನ್ನೂ ಭಯ. ನಿನ್ನೆಯದು ನನ್ನದಲ್ಲ ಎಂದರೆ? ಹಾಲಿನ ನಡುವೆ ಬಂದು ನಿಂತ. ಹತ್ತು ನಲವತ್ತು. ಗಾಜಿನ ಹಿಂದೆ ರಾಮಮೋಹನ್ ಗಾರು ಕರವಸ್ತ್ರವನ್ನು ಮೂಗಿಗೆ ಒತ್ತಿ ಹಿಡಿದು ಮೈಕಿನ ಕಡೆ ಬಗ್ಗಿದರು. ಸ್ಪೀಕರುಗಳು ಕರಕರ ಎಂದವು. ಆಮೇಲೆ ಎಂಟೂ ಮೂಲೆಯಿಂದ, ತಡೆಯಲಾರದೆ ತಪ್ಪಿಸಿಕೊಂಡ ಒಂದು ದೀರ್ಘ ಮೂಗಿನೆಳೆತ. "ಆಪರೇಟರ್ಸ್. ಐದು ನಿಮಿಷಾಲು. ಕೂರ್ಚೋಂಡಿ. ರೋಜೂ."

ರೋಜೂ ಎಂದರೆ ಪ್ರತಿದಿನ ಎಂದು ಅವನು ತನಗೇ ಕನ್ನಡದಲ್ಲಿ ಹೇಳಿಕೊಂಡ, ಹನ್ನೆರಡು ವರ್ಷದಿಂದ ತೆಲುಗು ಗೊತ್ತಿದ್ದರೂ. ಗಾಳಿಯ ಕೊಳವೆಗಳು ಒಂದೊಂದಾಗಿ ಸುಮ್ಮನಾದವು, ಉಬ್ಬಿದ ಕೈಗಳು ಮೇಜುಗಳ ಮೇಲೆ ಉಸ್ಸೆಂದು ಮಲಗಿದವು, ಕ್ರೇಟುಗಳು ಬೋರಲಾದವು. ಹೆಂಗಸರು ಕೂತರು. ಕಾಲು ಚಾಚಿದರು, ಬೆರಳು ಮುರಿದರು, ಯಾರೋ ಯಾರದೋ ಜಡೆ ಬಿಚ್ಚಿ ಹೆಣೆಯತೊಡಗಿದರು.

"ರಮಾಕಾಂತ ಗಾರು" ಎಂದು ಲಕ್ಷ್ಮೀಪ್ರಸನ್ನ ಕ್ರೇಟಿನ ಮೇಲಿಂದ ಕರೆದಳು. "ಇವತ್ತು ಅಸಲು ಸಾರೇ, ಅಲ್ಲವಾ?"

ಅವನು ಕತ್ತೆತ್ತಿ ಗಾಜಿನ ಕಡೆ ನೋಡಿದ.

"ನಿನ್ನೆ ಚೆನ್ನಾಗಿತ್ತು. ಮೂಗು ಅಂತೂ ಅವರಿಗಿಂತ ಚೆನ್ನಾಗಿತ್ತು. ಆದರೆ ಸಾರು ಯಾವತ್ತಂಡಿ ನಮಗೆ ದಯಚೇಸಿ ಅಂದಿದ್ದು? ಅದು ಕೇಳಿದ ಕೂಡಲೇ ನಮ್ಮ ಸಾಲಿನಲ್ಲಿ ಎಲ್ಲರಿಗೂ ಗೊತ್ತಾಗೋಯ್ತು, ಇದು ನೀವು ಅಂತ."

"ಗೊತ್ತಾಗಿಯೂ ಕೂತಿರಾ?"

"ಗೊತ್ತಾಗಿದ್ದಕ್ಕೇ ಬೇಗ ಕೂತಿದ್ದು. ತಡ ಮಾಡಿದರೆ ನೀವು ಹೆದರಿಕೊಂಡು, ಸಾರಿ ಅಮ್ಮಾ, ಎದ್ದೇಳಿ ಅಂದುಬಿಡ್ತೀರಿ."

ಸುತ್ತ ಹೆಂಗಸರು ನಕ್ಕರು. ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಎಂದೂ ಇಲ್ಲ ಅನ್ನಿಸಿ, ಅವನು ಫೋನು ತೆಗೆದು ಶುಕ್ರವಾರದ ಪುಟ ತೋರಿಸಿದ. "ಅಮ್ಮಾ, ನೀವು ಬಿದ್ದ ದಿನ ನಿಮ್ಮ ಹೆಸರಿಗೆ ನಾನು ಇದನ್ನ ಒತ್ತಿದ್ದೆ. ದಿನಾ ಎಲ್ಲರದ್ದೂ ನಾನೇ ಒತ್ತೋದು." ಅವಳು ಫೋನು ಇಸಿದುಕೊಂಡು, ಗವಸನ್ನು ಹಿಡಿಯುವ ಹಾಗೆಯೇ ದೀಪಕ್ಕೆ ಹಿಡಿದು, ತಿರುಗಿಸಿ ನೋಡಿದಳು. "ನನಗೆ ಇಷ್ಟು ಹಲ್ಲಿಲ್ಲ" ಅಂದಳು. ಪಕ್ಕದವಳಿಗೆ ಕೊಟ್ಟಳು, ಅವಳು ಇನ್ನೊಬ್ಬಳಿಗೆ, ಫೋನು ಸಾಲಿನುದ್ದಕ್ಕೂ ಹೋಯಿತು. ನನ್ನದು ಯಾವುದೇ, ಅಯ್ಯೋ ನನಗೆ ಹಬ್ಬದ ಮಾರನೇ ದಿನ ಅಳು ಹಾಕಿದಾರೆ, ನಮ್ಮತ್ತೆ ಊರಿಗೆ ಹೋದ ದಿನ ಕಣೇ ಅದು, ಎಂದು ದನಿಗಳು. ಅವನಿಗೆ ಕಿವಿ ಬಿಸಿಯಾಗಿತ್ತು. ಆದರೆ ಅವಮಾನ ಎಂದುಕೊಂಡು ಹತ್ತಿರ ಹೋಗಿ ನೋಡಿದರೆ ಅದು ಅವಮಾನದ ಹಾಗೆ ಇರಲೇ ಇಲ್ಲ.

"ಹೇಳಬೇಕಾಗಿತ್ತು, ಅಮ್ಮಾ, ಮೊದಲೇ..." ಎಂದು ಅವನು ಶುರುಮಾಡುವಷ್ಟರಲ್ಲಿ ಲಕ್ಷ್ಮೀಪ್ರಸನ್ನ ಕ್ರೇಟಿನಿಂದ ಎದ್ದಳು. ಇಲ್ಲದ ಕನ್ನಡಕವನ್ನು ಒಂದು ಬೆರಳಿನಿಂದ ಮೇಲಕ್ಕೆ ತಳ್ಳಿದಳು. ಎರಡೂ ಕೈಯನ್ನು ಹೊಟ್ಟೆಯ ಮುಂದೆ, ಕಾಣದ ಫೈಲೊಂದನ್ನು ಮಗುವಿನಂತೆ ಅಪ್ಪಿಕೊಂಡ ಹಾಗೆ ಇಟ್ಟುಕೊಂಡಳು. ಮೊಣಕಾಲು ಒಂದಿಷ್ಟು ಬಾಗಿತು. "ಹಾಕಿದೀನಿ ಅಮ್ಮಾ, ಫೈಲ್ ಹಾಕಿದೀನಿ, ಡಿಸ್ಕಸ್ ಅಂದಿದಾರೆ ಅಲ್ವಾ" ಎಂದಳು, ತೆಲುಗಿನ ತುದಿಗೆ ಅವನದೇ ಆ ಕನ್ನಡದ 'ಅಲ್ವಾ' ಜೋತುಬಿದ್ದ ದನಿಯಲ್ಲಿ, ತಿಪಟೂರು ದುವ್ವಾಡಕ್ಕೆ ಬಂದು ಹನ್ನೆರಡು ವರ್ಷ ಸವೆದರೆ ಎಷ್ಟು ಉಳಿಯುತ್ತದೋ ಸರಿಯಾಗಿ ಅಷ್ಟೇ ಉಳಿದಿದ್ದ ದನಿಯಲ್ಲಿ. ಇಡೀ ಹಾಲೇ ಬಿದ್ದು ಬಿದ್ದು ನಕ್ಕಿತು. ಇದು ಇವತ್ತಿನದಲ್ಲ, ಮೊದಲ ಸಲದ್ದಲ್ಲ, ಬಸ್ಸಿನ ಹಿಂದಿನ ಸೀಟುಗಳಲ್ಲಿ ಎಷ್ಟೋ ಸಂಜೆ ತಿದ್ದಿ ತೀಡಿ ಪಳಗಿಸಿದ್ದು ಎಂದು ಆ ನಗುವಿನಲ್ಲೇ ಗೊತ್ತಾಗುತ್ತಿತ್ತು. ಅವಳು ಥಟ್ಟನೆ ನಿಂತು, ತುಸು ಅಳುಕಿ, ಅವನ ಮುಖ ನೋಡಿದಳು.

ಮೊದಲು ಬಂದದ್ದು ಅವನ ಹೊಟ್ಟೆಯಿಂದ ಒಂದು ಬಿಕ್ಕಿನಂಥ ಸದ್ದು, ಆಮೇಲೆ ಅದು ಮೂಗಿನಿಂದಲೂ ಬಾಯಿಂದಲೂ ಒಟ್ಟಿಗೆ ಹೊರಟು, ಉಸಿರು ಸಿಕ್ಕದೆ ಹಿಂದಕ್ಕೆ ಎಳೆದುಕೊಂಡು, ಮತ್ತೆ ಹೊರಟಿತು. ಮೇಜನ್ನು ಹಿಡಿದು ಅವನು ನೆಲದ ಮೇಲೆ ಕುಸಿದು ಕೂತುಬಿಟ್ಟ. ಹೆಂಗಸರು ಸರಿದು ಜಾಗ ಮಾಡಿದರು. "ಇನ್ನೊಂದ್ ಸಲ" ಎಂದ ಹೇಗೋ. ಆದರೆ ಲಕ್ಷ್ಮೀಪ್ರಸನ್ನ ಫೈಲನ್ನು ಆಗಲೇ ಬಿಟ್ಟಿದ್ದಳು. ತಲೆ ಒಂದು ಕಡೆ ವಾಲಿಸಿ, ಹೊಸ ಸರಕು ಸಿಕ್ಕವಳಂತೆ ಅವನ ನಗುವನ್ನೇ ಕೇಳುತ್ತಿದ್ದಳು, ಹಿಂದಕ್ಕೆ ಎಳೆಯುವ ಆ ಉಸಿರು ಎಲ್ಲಿ ಬರುತ್ತದೆ ಎಂದು. ಮರುಕ್ಷಣ ಅವಳೂ ಶುರುಮಾಡಿದಳು. ಹಾಲಿನಲ್ಲಿ ಇಬ್ಬರು ರಮಾಕಾಂತರು ನಗುತ್ತಿದ್ದರು, ಅವರಲ್ಲಿ ಅವಳದೇ ಹೆಚ್ಚು ಸರಿಯಾಗಿತ್ತು.